ಅತ್ತಿಗೆಯ ವರಹ

2014ರ ಆಗಸ್ಟ್ 18, ಸೋಮವಾರ. ಬೆಳಿಗ್ಗೆ 9.40ಕ್ಕೆ ಮೂರ್ತಿ ಎಂಬವರು ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ವಯಸ್ಸು ನಲವತ್ತೊಂದು, ವಿಮಾನ ನಿಲ್ದಾಣದ ಕಾರ್ಗೋ ವಿಭಾಗದಲ್ಲಿ ಕೆಲಸ. ತಾಯಿ ಆದಿಲಕ್ಷ್ಮಮ್ಮನವರ ದೇವರ ಪೆಟ್ಟಿಗೆಯಲ್ಲಿದ್ದ ಹಳೆಯ ಚಿನ್ನದ ನಾಣ್ಯ, ಗೌರಿಶಂಕರರ ಚಿತ್ರವಿದ್ದ ವರಹ, ಕಾಣೆಯಾಗಿದೆ ಎಂಬುದು ದೂರಿನ ಸಾರ.

ಇನ್ಸ್‌ಪೆಕ್ಟರ್ ಮುನಿವೆಂಕಟಪ್ಪ ದೂರನ್ನು ಎರಡು ಸಲ ಓದಿದರು.

"ಕೊನೆಗೆ ನೋಡಿದ್ದು ಯಾವಾಗ?"

"ನಿನ್ನೆ ಮಧ್ಯಾಹ್ನ ಸಾರ್. ಇವತ್ತು ಮುಂಬೈಗೆ ಕಳಿಸ್ಬೇಕಿತ್ತು, ಗ್ರೇಡಿಂಗ್‌ಗೆ."

"ಅಂದ್ರೆ?"

"ನಾಣ್ಯ ಅಸಲಿಯಾ, ಎಷ್ಟು ಸವೆದಿದೆ ಅಂತ ಪರೀಕ್ಷೆ ಮಾಡಿ ದರ್ಜೆ ಬರೀತಾರೆ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಡಬ್ಬೀಲಿ ಸೀಲ್ ಮಾಡಿ ವಾಪಸ್ ಕೊಡ್ತಾರೆ."

ಐಪಿಸಿ 380ರಡಿ ಎಫ್‌ಐಆರ್ ದಾಖಲಾಯಿತು. 11.15ಕ್ಕೆ ಮುನಿವೆಂಕಟಪ್ಪ ಹೆಡ್ ಕಾನ್ಸ್‌ಟೇಬಲ್ ಬೈರಣ್ಣನ ಜೊತೆ ಮೂರ್ತಿಯ ಮನೆಗೆ ಹೋದರು. ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ನಡೆಯಿತು. ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಬೀಗದ ಕೈ ದೇವರ ಪಟದ ಹಿಂದಿನ ಮೊಳೆಯಲ್ಲಿಯೇ ತೂಗುತ್ತಿತ್ತು. ಪೆಟ್ಟಿಗೆಯೊಳಗೆ ಎರಡೆಳೆ ಸರ ಮತ್ತು ಓಲೆ ಹಾಗೇ ಇದ್ದವು.

"ಸರ ಬಿಟ್ಟು ಒಂದು ಕಾಸಿನಗಲದ ನಾಣ್ಯಕ್ಕೆ ಯಾವನು ಕೈ ಹಾಕ್ತಾನೆ ಸಾರ್?" ಎಂದ ಬೈರಣ್ಣ.

ಆದಿಲಕ್ಷ್ಮಮ್ಮನವರಿಗೆ ಎಪ್ಪತ್ತೊಂದು. ವರಹ ಅವರ ಅಜ್ಜಿಯಿಂದ ಬಂದದ್ದು. ವರಮಹಾಲಕ್ಷ್ಮಿ ಹಬ್ಬದ ದಿನ ಕಳಶದ ಮುಂದಿಟ್ಟು, ಮರುದಿನ ಕುಂಕುಮದ ಬಟ್ಟಲಲ್ಲಿ ಎತ್ತಿಡುತ್ತಿದ್ದರು.

"ಗ್ರೇಡಿಂಗ್‌ಗೆ ನೀವು ಒಪ್ಪಿದ್ರಾ?"

"ಒಂದು ವರ್ಷ ಒಪ್ಪಿರ್ಲಿಲ್ಲ. ಡಬ್ಬೀಲಿ ಸೀಲ್ ಮಾಡ್ಬಿಟ್ರೆ ಅರಿಸಿನ ಕುಂಕುಮ ಎಲ್ಲಿಗೆ ಹಚ್ಲಿ ಅಂತಿದ್ದೆ. ಮೂರ್ತಿ ಬಿಡ್ಲಿಲ್ಲ. ನಮ್ಮಜ್ಜಿ ಕೊಟ್ಟಿದ್ದು ಯಾರ ಕಾಲದ್ದು ಅಂತ ಸಾಯೋ ಮುಂಚೆ ತಿಳ್ಕೊಳ್ಳೋಣ ಅನ್ನಿಸ್ತು. ನಿನ್ನೆ ಊಟದ ಹೊತ್ತಲ್ಲಿ ಹೂಂ ಅಂದೆ."

"ಆಗ ಯಾರ್ಯಾರಿದ್ರು?"

"ಮೂರ್ತಿ, ನನ್ನ ಮೈದುನ ಪಿಳ್ಳಣ್ಣ. ಇನ್ಯಾರೂ ಇಲ್ಲ. ಸೊಸೆ ತವರಿಗೆ ಹೋಗಿದ್ಲು."

ಪಿಳ್ಳಣ್ಣನಿಗೆ ಅರವತ್ತಾರು. ಹೆಂಡತಿ ತೀರಿಕೊಂಡ ಮೇಲೆ ಅದೇ ಮನೆಯಲ್ಲಿದ್ದು, ಹಿತ್ತಲ ಶೆಡ್ಡಿನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ. ಅವನು ಕೇಳಿದಷ್ಟಕ್ಕೆ ಉತ್ತರ ಕೊಟ್ಟ. ನಾಣ್ಯ ಕಳಿಸುವುದು ತನಗೂ ಇಷ್ಟವಿರಲಿಲ್ಲ, ಆದರೆ ಅತ್ತಿಗೆಯ ಒಡವೆ, ಅತ್ತಿಗೆಯ ಇಷ್ಟ ಎಂದ.

ಮಧ್ಯಾಹ್ನ 3.20ಕ್ಕೆ ಮುನಿವೆಂಕಟಪ್ಪ ಬೆಂಗಳೂರಿನ ಚಿಕ್ಕಪೇಟೆಯ ನಾಣ್ಯದ ವ್ಯಾಪಾರಿಗೆ ಫೋನ್ ಮಾಡಿದರು. ಗ್ರೇಡಿಂಗ್ ಮಾಡಿಸಿ ಎಂದು ಮೂರ್ತಿಗೆ ಮೊದಲು ಹೇಳಿದವನು ಅವನೇ.

"ಮೊಬೈಲಲ್ಲಿ ಫೋಟೋ ಕಳಿಸಿದ್ರು ಸಾರ್. ಚಿತ್ರದ ಅಂಚೆಲ್ಲ ಮೊಂಡಾಗಿತ್ತು. ಅಚ್ಚು ಹೊಡೆದ ನಾಣ್ಯ ಹಂಗಿರಲ್ಲ, ಎರಕ ಹೊಯ್ದದ್ದು ಹಂಗಿರುತ್ತೆ. ನಕಲಿ ಅಂತ ಬಾಯಿಬಿಟ್ಟು ಹೇಳಿದ್ರೆ ಬೇಜಾರು ಮಾಡ್ಕೋತಾರೆ ಅಂತ ಗ್ರೇಡಿಂಗ್‌ಗೆ ಕಳಿಸಿ ಅಂದೆ."

ಮುನಿವೆಂಕಟಪ್ಪ ಫೋನ್ ಇಟ್ಟು ಪಂಚನಾಮೆಯನ್ನು ಮತ್ತೊಮ್ಮೆ ತೆಗೆದು ಓದಿದರು. ನಾಣ್ಯ ಬೇಕೆಂದು ಯಾರೂ ಕದ್ದಿರಲಿಲ್ಲ. ಅದು ನಕಲಿ ಎಂದು ಗೊತ್ತಿದ್ದ ಮನೆಯವರೇ ಯಾರೋ, ಅದು ಪರೀಕ್ಷೆಗೆ ಹೋಗಬಾರದೆಂದು ಕದ್ದಿದ್ದರು.

19ರ ಬೆಳಿಗ್ಗೆ 8 ಗಂಟೆಗೆ ಅವರು ಶೆಡ್ಡಿಗೆ ಹೋದಾಗ ಪಿಳ್ಳಣ್ಣ ಬಿಸಿನೀರಿನ ಬಾಣಲೆಯ ಮುಂದೆ ಕುಳಿತಿದ್ದ.

"ಪಿಳ್ಳಣ್ಣ, ಅಸಲಿ ವರಹ ಯಾವಾಗ ಹೋಯ್ತು?"

ಅವನ ಕೈಯ ಎಳೆ ಕಡಿಯಿತು. ಅದನ್ನು ಮತ್ತೆ ಹುಡುಕಲಿಲ್ಲ.

"ತೊಂಬತ್ತೇಳರಲ್ಲಿ ಸ್ವಾಮಿ."

"ಹೇಳು."

"ನನ್ನ ಹೆಂಡ್ತಿ ದ್ಯಾವಮ್ಮಂಗೆ ಗರ್ಭಕೋಶದ ಆಪರೇಷನ್ ಆಗ್ಬೇಕಿತ್ತು. ಅತ್ತಿಗೆ ಎಲ್ಲಾರ ಮುಂದೆ ವರಹ ತಂದು ನನ್ನ ಕೈಗಿಟ್ರು. ಹೆಣ್ಮಕ್ಕಳ ತವರಿನ ಒಡವೆ ಮುಟ್ಟೋ ಅಷ್ಟು ಗತಿಗೆಟ್ಟಿಲ್ಲ ಅಂತ ದೊಡ್ಡದಾಗಿ ಅಂದು ವಾಪಸ್ ಕೊಟ್ಬಿಟ್ಟೆ. ಎಂಟು ದಿನ ಅಲೆದೆ. ಎಲ್ಲೂ ದುಡ್ಡು ಹುಟ್ಲಿಲ್ಲ. ಮತ್ತೆ ಹೋಗಿ ಕೇಳೋಕೆ ನಾಲಿಗೆ ಏಳ್ಲಿಲ್ಲ. ಯಾರಿಗೂ ಗೊತ್ತಾಗ್ದಂಗೆ ಎತ್ಕೊಂಡು ಹೋಗಿ ಒಬ್ಬ ಅಕ್ಕಸಾಲಿಗೆ ಮಾರ್ದೆ. ಅದೇ ಅಕ್ಕಸಾಲಿ ಕೈಲಿ ಹಿತ್ತಾಳೇದು ಮಾಡಿಸಿ, ಚಿನ್ನದ ಮೆರುಗು ಹಾಕಿಸಿ ತಂದಿಟ್ಟೆ."

"ದ್ಯಾವಮ್ಮ?"

"ಉಳೀಲಿಲ್ಲ."

ಮೆರುಗು ಮಾಸಿದಾಗ ಮತ್ತೆರಡು ಸಲ ಕದ್ದೊಯ್ದು ಹಾಕಿಸಿದ್ದನಂತೆ. ಪ್ರತಿ ಹಬ್ಬಕ್ಕೂ ಅತ್ತಿಗೆ ಅದಕ್ಕೆ ಆರತಿ ಎತ್ತುವಾಗ ಏನೋ ನೆಪ ಹೇಳಿ ಹೊರಗೆ ಹೋಗುತ್ತಿದ್ದನಂತೆ. ಹೇಳುತ್ತ ಅವನು ಎದ್ದು, ಮೂಲೆಯಲ್ಲಿದ್ದ ಕೆಟ್ಟ ರೇಷ್ಮೆಗೂಡಿನ ಚೀಲಕ್ಕೆ ಕೈ ಹಾಕಿ ನಾಣ್ಯ ತೆಗೆದುಕೊಟ್ಟ.

ಪಂಚರ ಎದುರು ವಶಪಡಿಸಿಕೊಂಡ ನಾಣ್ಯವನ್ನು ಪೇಟೆಯ ಬೇರೊಬ್ಬ ಅಕ್ಕಸಾಲಿ ಒರೆಗಲ್ಲಿಗೆ ತಿಕ್ಕಿ, ಹಿತ್ತಾಳೆ ಎಂದು ಬರೆದುಕೊಟ್ಟ. ತೊಂಬತ್ತೇಳರಲ್ಲಿ ಅಸಲಿಯನ್ನು ಕೊಂಡವನು ಸತ್ತು ವರ್ಷಗಳಾಗಿದ್ದವು. ಅದನ್ನು ಆಗಲೇ ಕರಗಿಸಿದ್ದರೆಂದು ಅವನ ಮಗ ಹೇಳಿಕೆ ಕೊಟ್ಟ. 12.30ಕ್ಕೆ ಪಿಳ್ಳಣ್ಣನನ್ನು ಬಂಧಿಸಲಾಯಿತು.

ಮೂರ್ತಿ ಓಡಿಬಂದ. "ಕಂಪ್ಲೇಂಟ್ ವಾಪಸ್ ತಗೋತೀನಿ ಸಾರ್. ಚಿಕ್ಕಪ್ಪ ಅಂತ ಗೊತ್ತಿದ್ರೆ ನಾನು ಠಾಣೆ ಮೆಟ್ಟಿಲೇ ಹತ್ತುತಿರ್ಲಿಲ್ಲ. ಗ್ರೇಡಿಂಗ್ ಗ್ರೇಡಿಂಗ್ ಅಂತ ವರ್ಷವೆಲ್ಲ ಜೀವ ತಿಂದ್ಬಿಟ್ಟೆ."

"ಎಫ್‌ಐಆರ್ ಆಗಿದೆ. ಇನ್ನು ನನ್ನ ಕೈಲಿಲ್ಲ. ವಕೀಲರನ್ನ ಕಂಡು ಕೋರ್ಟಲ್ಲಿ ಹೇಳ್ಕೊಳ್ಳಿ," ಎಂದರು ಮುನಿವೆಂಕಟಪ್ಪ. ಹೇಳುವಾಗ ಅವನ ಮುಖ ನೋಡಲಿಲ್ಲ.

ಆದಿಲಕ್ಷ್ಮಮ್ಮ ಠಾಣೆಯ ಬೆಂಚಿನಲ್ಲಿ ಮೈದುನನ ಪಕ್ಕದಲ್ಲಿಯೇ ಬಂದು ಕುಳಿತರು. ಅವನು ತಲೆ ಎತ್ತಲಿಲ್ಲ.

"ಬೈದ್ಬಿಡಿ ಅತ್ತಿಗೆ."

"ಏನಂತ ಬೈಲಪ್ಪ? ಆವತ್ತು ನೀನು ವಾಪಸ್ ಕೊಟ್ಟಾಗ ನಾನು ಇಸ್ಕೊಂಡ್ಬಿಟ್ಟೆ. ನಿನ್ನ ಜಂಬದ ಮಾತು ಕೇಳಿ ನಂಗೂ ಸಿಟ್ಟು ಬಂದಿತ್ತು. ದ್ಯಾವಮ್ಮನ ಮುಖ ನೋಡಿ, ಅಲ್ಲೇ ಅವಳ ಹಾಸಿಗೆ ಪಕ್ಕ ಇಟ್ಟು ಬರ್ಬೇಕಿತ್ತು ಕಣೋ."

2.10ಕ್ಕೆ ಜೀಪು ದೇವನಹಳ್ಳಿಯ ನ್ಯಾಯಾಲಯಕ್ಕೆ ಹೊರಟಿತು. ಸಂಜೆ ಕೇಸ್ ಡೈರಿ ಬರೆಯಲು ಕುಳಿತ ಮುನಿವೆಂಕಟಪ್ಪ, ಅಪರಾಧದ ಉದ್ದೇಶ ಎಂಬಲ್ಲಿ ಬಹಳ ಹೊತ್ತು ಪೆನ್ನು ಹಿಡಿದಿದ್ದರು. ಕೊನೆಗೆ ಬರೆದದ್ದು ಒಂದೇ ಸಾಲು: "ಆರೋಪಿಗೆ ನಾಣ್ಯವನ್ನು ಮೊದಲೇ ಕೊಡಲಾಗಿತ್ತು, ಇಸಿದುಕೊಳ್ಳಲು ನಾಚಿಕೆಯಾಗಿ ಕದ್ದಿರುತ್ತಾನೆ."