ಮಧ್ಯಾಹ್ನ ಮಾತ್ರ ಬಿಸಿಯಾಗುವ ಪೆಟ್ಟಿಗೆ

2024ರ ಮಾರ್ಚ್ 11, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ.

ಹೊನ್ನಾವರದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುವಾಗ ಅಂಕಿತಾಳ ಎರಡೂ ಕೈ ಸೋತಿದ್ದವು. ಚಾದರದಲ್ಲಿ ಕಟ್ಟಿದ ಗಾಜಿನ ಪೆಟ್ಟಿಗೆಯನ್ನು ಕುಮಟಾದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು.

ಮೇಜಿನ ಹಿಂದಿದ್ದ ಯುವಕ ಚಾದರದ ಸಂದಿಯಲ್ಲಿ ಹೊಳೆದ ಗಾಜನ್ನು ನೋಡಿದ.

"ಅಕ್ವೇರಿಯಮ್ಮಾ? ಮೀನಿನ ಅಂಗಡಿ ಆಚೆ ಗಲ್ಲಿ."

"ಕಂಪ್ಯೂಟರು! ಒಳಗೆ ನೀರಿದೆ, ಮೀನಿಲ್ಲ."

ಅವನು ನಕ್ಕುಬಿಟ್ಟ. ಆ ನಗು ಅವಳಿಗೆ ಎಲ್ಲಿ ತಾಗಿತೋ... ತುಟಿಯಂಚಿಗೆ ಬಂದ ತನ್ನ ನಗುವನ್ನು ಅಡಗಿಸಲು ಅವಳು ತಲೆ ತಗ್ಗಿಸಿ ಚಾದರದ ಗಂಟು ಬಿಚ್ಚತೊಡಗಿದಳು.

ಅವನು ದಿವಾಕರ. ಪಕ್ಕದಲ್ಲಿ ಝೆರಾಕ್ಸ್ ತೆಗೆಯುತ್ತಿದ್ದವಳು ಅವನ ಅಕ್ಕ ಕವಿತಾ.

ಅಂಕಿತಾ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಮನೆಯಲ್ಲೇ ಕುಳಿತು ಶಾಲಾ ಮಕ್ಕಳ ವಿಜ್ಞಾನ ಪಾಠಗಳಿಗೆ ಚಲಿಸುವ ಚಿತ್ರಗಳನ್ನು ಮಾಡಿಕೊಡುತ್ತಿದ್ದಳು. ಅದಕ್ಕಾಗಿ ಯಂತ್ರ ಗಂಟೆಗಟ್ಟಲೆ ದುಡಿಯಬೇಕು. ದುಡಿದಾಗ ಹುಟ್ಟುವ ಬಿಸಿಯನ್ನು ಕೊಳವೆಯಲ್ಲಿ ಹರಿಯುವ ನೀರು ಮೇಲಿನ ರೇಡಿಯೇಟರಿಗೆ ಒಯ್ಯಬೇಕು. ಅಲ್ಲಿಂದ ಫ್ಯಾನುಗಳು ಅದನ್ನು ಹೊರದಬ್ಬಬೇಕು.

"ಊಟದ ಹೊತ್ತು ದಾಟಿದ್ರೆ ನೀರು ಅರವತ್ತು ಡಿಗ್ರಿ ಮುಟ್ಟಿ ತನ್ನಷ್ಟಕ್ಕೇ ಆಫ್ ಆಗ್ತದೆ. ಬೆಳಿಗ್ಗೆ ಎಂತದೂ ಇಲ್ಲ!"

"ಊಟದ ಮೇಲೆ ಅದಕ್ಕೂ ನಿದ್ದೆ ಬತ್ತದಾ?"

"ತಮಾಷೆ ಅಲ್ಲ ಮಾರಾಯ್ರೇ..."

"ಆತು, ಇಟ್ಟು ಹೋಗಿ. ನೋಡ್ತೆ."

ನಾಲ್ಕು ದಿನ ಇಟ್ಟುಕೊಂಡ. ದಿನವೂ ಅವಳು ಫೋನ್ ಮಾಡಿದಳು. ಯಂತ್ರದ ಮಾತು ಮುಗಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ. ಆದರೆ ಅಂಗಡಿಯಲ್ಲಿ ಪೆಟ್ಟಿಗೆ ಒಮ್ಮೆಯೂ ಕೆಡಲಿಲ್ಲ. ಮನೆಗೆ ತಂದರೆ ಮತ್ತೆ ಅದೇ ಕಥೆ! ಎರಡನೇ ಸಲ ಒಯ್ದಾಗಲೂ ಅಷ್ಟೇ.

ಮೂರನೇ ಸಲ ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಪಕ್ಕದ ಅಂಗಡಿಯಲ್ಲಿ ಕಬ್ಬಿನಹಾಲು ಕುಡಿದು ಮರಳುತ್ತಿದ್ದಾಗ, ಒಳಗಿನಿಂದ ಕವಿತಾಳ ದನಿ ಕೇಳಿತು.

"ತಮ್ಮಾ, ಹಾಳಾಗದ ಪೆಟ್ಟಿಗೆ ಮೂರು ಸಲ ಬಂತಲಾ! ರೋಗ ಪೆಟ್ಟಿಗೆಗಲ್ಲ ಮಾರಾಯಾ, ಹೊತ್ಕಂಡು ಬರೂವಳಿಗೆ."

ದಿವಾಕರ ನಕ್ಕ. ಅದೇ ನಗು.

ಅಂಕಿತಾಳ ಕಾಲು ಬಾಗಿಲಲ್ಲೇ ನಿಂತಿತು.

"ನಾನು ಸುಳ್ಳು ಹೇಳ್ತೇನೆ ಅಂತಲಾ?"

"ಅಯ್ಯೋ ಅಂಕಿತಾ, ಅಕ್ಕ ಸುಮ್ನೆ..."

"ಅಕ್ಕ ಹೇಳಿದ್ದಕ್ಕಲ್ಲ. ನೀವು ನಕ್ಕಿದ್ದಕ್ಕೆ."

ಅವನು ಚಾದರ ಕಟ್ಟಿಕೊಡಲು ಬಂದ. ಅವಳು ಬಿಡಲಿಲ್ಲ.

ಬಸ್ಸಿನಲ್ಲಿ ಪೆಟ್ಟಿಗೆ ಹಿಡಿದ ಕೈಗೆ ಕಣ್ಣು ಒರೆಸಿಕೊಳ್ಳಲೂ ಬಿಡುವಿರಲಿಲ್ಲ. ‘ಕಂಡದ್ದನ್ನು ಕಂಡ ಹಾಗೆ ಹೇಳುವುದೊಂದೇ ನಾನು ಕಲಿತ ವಿದ್ಯೆ. ಅದನ್ನೇ ಅವನು ನಂಬಲಿಲ್ಲವಲ್ಲ... ಬೇರೆ ಯಾರು ನಂಬದಿದ್ದರೂ ಇಷ್ಟು ನೋಯುತ್ತಿತ್ತೇ?’

ಆ ಪ್ರಶ್ನೆಗೆ ಅವಳೇ ಬೆಚ್ಚಿದಳು.

ಅವನ ಕರೆಗಳನ್ನು ಅವಳು ಎತ್ತಲಿಲ್ಲ. ಬೆಳಗಿನ ಹೊತ್ತಷ್ಟೇ ಕೆಲಸ ಮಾಡುತ್ತ ವಾರ ತಳ್ಳಿದಳು.

ಒಂದು ಮಧ್ಯಾಹ್ನ ಅವಳ ಮನೆಯ ಅಂಗಳದಲ್ಲಿ ಬೈಕು ನಿಂತಿತು. ಜಗಲಿಯಲ್ಲಿ ಈರುಳ್ಳಿ ಹೆಣೆದು ಗೊಂಚಲು ಕಟ್ಟುತ್ತಿದ್ದ ಅಜ್ಜಿ ಬಂಗಾರಿ ಹಾಡು ನಿಲ್ಲಿಸಿ ತಲೆ ಎತ್ತಿದಳು.

"ಯಾರಾ ಮಗಾ?"

"ಹೊನ್ನಾವರದ ದಿವಾಕರ, ಅಜ್ಜಿ. ಒಂದು ಊದುಬತ್ತಿ ಇತ್ತಾ?"

"ಬಂದವ ನೀರು ಕೇಳೂದು ಬಿಟ್ಟು ಊದುಬತ್ತಿ ಕೇಳ್ತಾನಲಾ! ಪೂಜೆ ಭಟ್ಟನಾ?"

ಒಳಗಿನಿಂದ ಬಂದ ಅಂಕಿತಾ ಹೊಸ್ತಿಲಲ್ಲೇ ನಿಂತಳು. ಮುಖ ಬಿಗಿದುಕೊಂಡಿತು.

"ಎಂತಕ್ಕೆ ಬಂದ್ರಿ?"

"ನಿನ್ನೆ ಅಕ್ಕನ ಝೆರಾಕ್ಸ್ ಹಾಳೆ ಎಲ್ಲ ಹಾರಿಹೋಯ್ತು. ‘ಮಧ್ಯಾಹ್ನ ಆದ್ರೆ ಸಾಕು, ಕಡಲಗಾಳಿ ಏಳ್ತದೆ’ ಅಂತ ಬೈದ್ಳು. ನೀವು ಹೇಳಿದ ಹೊತ್ತೂ ಅದೇ ಅಲ್ವಾ! ನಾನು ಅಂಗಡಿಯಲ್ಲಿ ಪೆಟ್ಟಿಗೆ ಓಡಿಸಿ ನೋಡಿದ್ದು ಗಾಳಿಯೇ ಬರದ ಹಿಂದಿನ ಕೋಣೆಯಲ್ಲಿ. ಪೆಟ್ಟಿಗೆ ಎಲ್ಲಿ ಇಟ್ಟಿದ್ದೀರಿ?"

ಅವಳು ಕೋಣೆ ತೋರಿಸಿದಳು. ಪಡುವಣ ಕಿಟಕಿ. ಅದಕ್ಕೆ ಬೆನ್ನು ಹಾಕಿ ಪೆಟ್ಟಿಗೆ.

ದಿವಾಕರ ಹಚ್ಚಿದ ಊದುಬತ್ತಿಯನ್ನು ಅವಳ ಕೈಗೇ ಕೊಟ್ಟ. ಅವಳು ಯಂತ್ರ ಚಾಲೂ ಮಾಡಿ ಅದನ್ನು ಹಿಂದಿನ ಫ್ಯಾನಿನ ಬಳಿ ಹಿಡಿದಳು. ಹೊರಗೆ ಹೋಗಬೇಕಿದ್ದ ಹೊಗೆ ಕಡಲಗಾಳಿಗೆ ತಡವರಿಸಿತು, ಬಾಗಿತು... ಮತ್ತೆ ಒಳಕ್ಕೇ ಹೊಕ್ಕಿತು!

"ಅಯ್ಯೋ! ಗಾಳಿ ತಾಗಿ ತಂಪಾಗಲಿ ಅಂತ ನಾನೇ ಇಲ್ಲಿ ಇಟ್ಟದ್ದು," ಎಂದಳು ಅಂಕಿತಾ. "ಹೊರಗೆ ಹೋಗೂ ಬಿಸಿಗಾಳಿಯನ್ನ ಕಡಲು ವಾಪಸ್ ತಳ್ತಾ ಇದೆ. ಅದೇ ಬಿಸಿ ರೇಡಿಯೇಟರಿಗೆ ಹೋಗ್ತದೆ."

"ತಿರುಗಿಸಿ ಇಡುವಾ. ಗಾಳಿ ಒಳಗೆ ಎಳಿಯೂ ಮುಂದಿನ ಫ್ಯಾನು ಕಿಟಕಿ ಬದಿಗೆ ಬರಲಿ. ಗಾಳಿ ಹೋಗೂ ದಾರಿಯಲ್ಲೇ ಫ್ಯಾನೂ ತಿರುಗಲಿ."

"ಒಳಗೆ ಬರೂ ಗಾಳಿ ಸ್ವಲ್ಪ ಹೆಚ್ಚಿದ್ರೆ ಸಂದಿಯಿಂದ ಧೂಳು ನುಗ್ಗೂದಿಲ್ಲ. ಕೆಳಗೊಂದು ಫ್ಯಾನು ಹಾಕ್ಬಹುದಾ?"

"ಹಾಕುವಾ, ಮೇಡಂ!"

ಇಬ್ಬರೂ ಸೇರಿ ಪೆಟ್ಟಿಗೆ ತಿರುಗಿಸಿದರು; ಅವನ ಚೀಲದಿಂದ ಫ್ಯಾನು, ತಿರುಪುಳಿ ಹೊರಬಂದವು. ಉಪ್ಪುಗಾಳಿಯನ್ನು ಸೋಸಲು ಹಳೆಯ ಸೊಳ್ಳೆಪರದೆಯ ತುಂಡನ್ನು ಅವಳು ಕತ್ತರಿಸಿ ತಂದಳು. ಇಬ್ಬರ ಬೆರಳೂ ಒಂದೇ ಮೂಲೆಯನ್ನು ಹಿಡಿದವು. ಯಾರೂ ಬಿಡಲಿಲ್ಲ.

ಯಂತ್ರ ಅತಿ ಹೆಚ್ಚು ದುಡಿಯಬೇಕಾದ ಚಿತ್ರವೊಂದನ್ನು ಅವಳು ತಯಾರಾಗಲು ಹಚ್ಚಿದಳು. ಇಬ್ಬರೂ ಕಂಪ್ಯೂಟರ್ ಪರದೆಯ ಮೇಲೆ ನೀರಿನ ಬಿಸಿ ತೋರಿಸುವ ಅಂಕಿ ನೋಡುತ್ತ ಕುಳಿತರು.

"ಅಂಕಿತಾ... ಅವತ್ತು ನಕ್ಕಿದ್ದು ನಿಮ್ಮನ್ನ ನಂಬದೆ ಅಲ್ಲ."

"ಮತ್ತೆ?"

"ಅಕ್ಕ ಹೇಳಿದ ರೋಗ ನಂದು. ಮೊದಲ ಸಲ ಒಂದೇ ದಿನಕ್ಕೆ ಪರೀಕ್ಷೆ ಮುಗಿದಿತ್ತು. ನೀವು ಫೋನ್ ಮಾಡ್ತೀರಿ ಅಂತ ನಾಲ್ಕು ದಿನ ಇಟ್ಟುಕೊಂಡೆ. ಅಕ್ಕನಿಗೆ ಗೊತ್ತಾಗಿ ಹೋಯ್ತು ಅಂತ ನಾಚಿಕೆಯಾಗಿ ನಕ್ಕೆ."

ಅಂಕಿತಾ ಪರದೆಯಿಂದ ಕಣ್ಣು ತೆಗೆದು ಅವನತ್ತ ತಿರುಗಿದಳು.

"ಅಕ್ಕ ನನ್ನ ಬಗ್ಗೆ ಹೇಳಿದ್ದೂ... ಪೂರ್ತಿ ಸುಳ್ಳಲ್ಲ. ಕುಮಟಾದಲ್ಲಿ ರಿಪೇರಿ ಅಂಗಡಿ ಇಲ್ಲವಾ ಎಂತ!"

ದಿವಾಕರನ ಕಣ್ಣು ಅರಳಿತು. "ಹಾಗಾದ್ರೆ ಸೊಳ್ಳೆಪರದೆ ತುಂಡು ಆಗಾಗ ಬಿಚ್ಚಿ ತೊಳೀಬೇಕು. ಉಪ್ಪು ಕಟ್ತದೆ."

"ಯಾರು ತೊಳಿಯೂದು?"

"ಜೀವಮಾನ ಪೂರ್ತಿ... ನಾನೇ ಬತ್ತೆ. ಆತಾ?"

"ಆತು."

ಜಗಲಿಯಲ್ಲಿ ಅಜ್ಜಿ ನಿಲ್ಲಿಸಿದ್ದ ಹಾಡನ್ನು ಮತ್ತೆ ಎತ್ತಿಕೊಂಡಳು. ಕಿಟಕಿಯ ಆಚೆ ಕಡಲಗಾಳಿ ಜೋರಾಗಿತ್ತು. ಅಂಕಿತಾ ತನ್ನ ಕೈಯನ್ನು ಅವನ ಕೈಯೊಳಗೆ ಇಟ್ಟಳು.

"ಅಂಕಿ ಓದಿ," ಎಂದ ಅವನು ಮೆಲ್ಲಗೆ.

ಯಂತ್ರ ಓಡಲು ಶುರುವಾಗಿ ಒಂದು ಗಂಟೆಯಾಗಿತ್ತು. ಅವಳು ಓದಿದಳು.

"ನೀರಿನ ಉಷ್ಣತೆ, ಮೂವತ್ತೇಳು ಡಿಗ್ರಿ ಸೆಲ್ಸಿಯಸ್."