ಪಕ್ಕದ ಸೀಟಿಗೆ ಸದ್ದಾಗಬಾರದು

ತಗಡಿನ ಅಂಚು ಮಡಿಚಿ, ಮರದ ಸುತ್ತಿಗೆಯಿಂದ ಎರಡೇಟು ಹಾಕಿದ್ದಳಷ್ಟೇ. ಬೆನ್ನ ಹಿಂದಿನಿಂದ ಅವನ ಮಾತು ಬಂತು.

"ಅದು ಬೇಡ ಬಿಡು. ಬೇರೆ ಫ್ಯಾನ್ ಹಾಕೋಣ."

ಎತ್ತಿದ ಕೈ ಅಲ್ಲೇ ನಿಂತಿತು. ದೇವರೇ... ಮತ್ತೆ ಶುರುವಾಯಿತು!

"ಏನಂದೆ? ಇನ್ನೊಂದು ಸಲ ಹೇಳು, ಕಿವಿ ತುಂಬಾ ಕೇಳಿಸಿಕೊಳ್ತೀನಿ."

"ಬ್ಯಾಟರಿ ಫ್ಯಾನ್ ಹಾಕೋಣ ಅಂದೆ. ಈ ಬೆಲ್ಟ್ ಫ್ಯಾನ್ ತುಂಬಾ ಸದ್ದು ಮಾಡುತ್ತೆ."

ಆ ಶೆಡ್ಡು ಇಬ್ಬರದು. ಇಂಜಿನ್ ಕೆಲಸ ಅವನದು, ತಗಡಿನ ಕೆಲಸ ಅವಳದು. ಗಿರಾಕಿಗಳ ಕಾರು ಮುಗಿಸಿ ಉಳಿದ ಹೊತ್ತಿನಲ್ಲಿ ಅವನು ತನ್ನದೇ ಒಂದು ಹಳೆಯ ಪುಟ್ಟ ಕಾರಿನ ಮೇಲೆ ಬಿದ್ದಿದ್ದ. ಅದರ ಮೂಲ ಇಂಜಿನ್ ಕಿತ್ತೆಸೆದು, ಗಾಳಿಯಿಂದಲೇ ತಣಿಯುವ ಬೇರೊಂದು ಇಂಜಿನ್ ಕೂರಿಸುವ ಹುಚ್ಚು. ರೇಡಿಯೇಟರ್ ಇಲ್ಲ, ನೀರಿಲ್ಲ. ಫ್ಯಾನ್ ಊದಿದ ಗಾಳಿ ತಗಡಿನ ಹೊದಿಕೆಯೊಳಗೆ ಹಾದು ಸಿಲಿಂಡರುಗಳನ್ನು ಸವರಿಕೊಂಡು ಹೋಗಬೇಕು. ಫ್ಯಾನ್ ಬದಲಾದರೆ ಹೊದಿಕೆಯೂ ಬದಲು.

ಮೊದಲು ಇಂಜಿನ್ನಿನ ಜೊತೆಗೇ ತಿರುಗುವ ಬೆಲ್ಟ್ ಫ್ಯಾನ್ ಅಂದ. ಹೊದಿಕೆ ಮಾಡಿದಳು. ಆಮೇಲೆ ಸಣ್ಣ ಫ್ಯಾನ್ ಸಾಕು, ಜೊತೆಗೆ ಆಯಿಲ್ ಕೂಲರ್ ಇರಲಿ ಅಂದ. ಅದನ್ನೂ ಮಾಡಿದಳು. ಇಲ್ಲ, ಬೆಲ್ಟ್ ಫ್ಯಾನೇ ಸರಿ, ಆದರೆ ಬೇರೆ ಅಳತೆಯದು ಅಂದ. ಈಗ ಇದು!

"ಅಲ್ಲ ಕಣೋ, ಏರಿನಲ್ಲಿ ಬ್ಯಾಟರಿ ಫ್ಯಾನ್ ಸಾಲುತ್ತಾ? ಇಂಜಿನ್ ಎಷ್ಟೇ ಒದ್ದಾಡಲಿ, ಅದು ತನ್ನ ಪಾಡಿಗೆ ಅಷ್ಟೇ ತಿರುಗುತ್ತೆ. ನಿಂಗೆ ಗೊತ್ತಿಲ್ವಾ?"

"ಗೊತ್ತು."

"ಮತ್ತೆ?"

ಅವನು ಸ್ಪ್ಯಾನರನ್ನು ಒರೆಸಿದ್ದೇ ಒರೆಸಿದ್ದು. "ಪಕ್ಕದ ಸೀಟಲ್ಲಿ ಕೂರೋರಿಗೆ ತಲೆನೋವು ಬರಬಾರದು. ಮೆಲ್ಲಗೆ ಮಾತಾಡಿದ್ರೂ ಕೇಳಿಸಬೇಕು."

ಓಹೋ... ಪಕ್ಕದ ಸೀಟು!

ಆ ಸೀಟಿಗೆ ಮಾತ್ರ ಹೊಸ ಮೆತ್ತೆ ಹೊಲಿಸಿದ್ದನ್ನು ಅವಳು ನೋಡಿರಲಿಲ್ಲವೇ? ಅವನ ಸೀಟಿನಲ್ಲಿ ಇನ್ನೂ ಸ್ಪ್ರಿಂಗ್ ಇಣುಕುತ್ತಿತ್ತು.

"ಯಾರಪ್ಪಾ ಅಂಥ ಮಹಾರಾಣಿ?"

"ಇದ್ದಾಳೆ ಒಬ್ಬಳು," ಎಂದವನ ಕಿವಿ ಕೆಂಪಾಯಿತು.

ಇದ್ದಾಳಂತೆ! ನಾನಿಲ್ಲಿ ಬೆರಳು ಕೊಯ್ದುಕೊಂಡು ತಗಡು ಬಗ್ಗಿಸಬೇಕು, ಇನ್ಯಾರೋ ಮೆತ್ತೆ ಮೇಲೆ ಕೂತು ಪಿಸುಗುಟ್ಟಬೇಕು...

ಅಂದು ಸಂಜೆ ಅವಳ ಅತ್ತಿಗೆ ಎಂದಿನಂತೆ ಫೋನು ಮಾಡಿದಳು. "ನಿಮ್ಮಣ್ಣನ ಶೆಡ್ಡಲ್ಲಿ ನಿನ್ನ ಕೆಲಸಕ್ಕೆ ಅಂತ ಇಟ್ಟ ಜಾಗ ಹಾಗೇ ಇದೆ. ಯಾವಾಗ ಬರ್ತೀಯಮ್ಮಾ?"

ಯಾವತ್ತೂ ಮಾತು ತೇಲಿಸುತ್ತಿದ್ದವಳು ಇವತ್ತು ತೇಲಿಸಲಿಲ್ಲ. "ಇದೊಂದು ಕಾರು ಮುಗೀಲಿ ಅತ್ತಿಗೆ. ಬಂದುಬಿಡ್ತೀನಿ."

ಅವಳದೊಂದು ಸ್ವಭಾವ. ಸಿಟ್ಟು ಬಂದಾಗ ಕೈಕೆಲಸ ಇನ್ನೂ ಅಚ್ಚುಕಟ್ಟಾಗುತ್ತದೆ. ಬ್ಯಾಟರಿ ಫ್ಯಾನಿಗೆಂದು ಮಾಡಿದ ಹೊದಿಕೆ ಎಷ್ಟು ಚೆಂದ ಕೂತಿತೆಂದರೆ, ಅದನ್ನು ನೋಡಿ ಅವಳಿಗೇ ಅಳು ಬಂತು.

ಮೊದಲ ಓಟಕ್ಕೆ ಊರಾಚೆಯ ಏರುದಾರಿ ಹಿಡಿದರು. ಇಂಜಿನ್ನಿನ ಶಾಖ ತೋರಿಸುವ ಮೀಟರಿನ ಮುಳ್ಳು ನೋಡಲು ಅವಳೇ ಪಕ್ಕದಲ್ಲಿ ಕೂತಳು.

"ಸದ್ದಿದೆಯಾ?" ಎಂದ ಅವನು.

"ಇಲ್ಲ."

ಸ್ವಲ್ಪ ದೂರ ಹೋಗಿ ಮತ್ತೆ, "ಈಗ?"

"ಇಲ್ಲ ಅಂದ್ನಲ್ಲ! ಸದ್ದು ಬಿಡು, ಮುಳ್ಳು ನೋಡು! ನಿಲ್ಸು... ನಿಲ್ಸೋ!"

ಕಾರು ಏರಿನ ನಡುವೆ ನಿಂತಿತು. ಇಂಜಿನ್ ಇದ್ದ ಹಿಂದಿನ ಮುಚ್ಚಳ ಎತ್ತಿದರೆ ಕಾದ ಎಣ್ಣೆಯ ವಾಸನೆ ಮುಖಕ್ಕೆ ಹೊಡೆಯಿತು. ಇಷ್ಟು ದಿನ ತಡೆದಿಟ್ಟ ಮಾತೂ ಅದರ ಜೊತೆಗೇ ಹೊರಬಿತ್ತು.

"ಬಡಕೊಂಡೆ ತಾನೇ? ನಾಳೆ ನಿನ್ನ ಮಹಾರಾಣೀನ ಕೂರಿಸ್ಕೊಂಡು ಬಂದು, ಇದೇ ಏರಲ್ಲಿ ಅವಳ ಕೈಲಿ ಕಾರು ತಳ್ಳಿಸ್ತೀಯಾ?"

"ಅವಳು ತಳ್ಳಲ್ಲ."

"ಮತ್ತೇನು ಮಾಡ್ತಾಳೆ?"

"ಬೈತಾಳೆ." ಅವನು ತಲೆ ಎತ್ತಲಿಲ್ಲ. "ಸೊಂಟದ ಮೇಲೆ ಕೈ ಇಟ್ಕೊಂಡು."

ಅವಳು ಮೆಲ್ಲನೆ ಕೆಳಗೆ ನೋಡಿದಳು. ಅವಳ ಎರಡೂ ಕೈ ಸೊಂಟದ ಮೇಲೇ ಇದ್ದವು.

"ಹಿಂದೊಂದ್ಸಲ ಟೆಂಪೋ ಇಂಜಿನ್ ಓಡಿಸಿ ನೋಡ್ತಿದ್ವಲ್ಲ," ಎಂದ ಅವನು, "ಆವತ್ತು ನೀನು ತಲೆ ಹಿಡ್ಕೊಂಡು ಕೂತಿದ್ದೆ. ಈ ಬೆಲ್ಟ್ ಫ್ಯಾನಿನ ಸದ್ದು ತಲೆ ಒಡೆಯುತ್ತೆ, ಇಂಥ ಗಾಡೀಲಿ ಜನ್ಮದಲ್ಲಿ ಕೂರಲ್ಲ ಅಂದೆ. ಅದಕ್ಕೇ..."

ಅವಳಿಗೆ ನೆನಪಾಗಲು ಒಂದು ಗಳಿಗೆ ಹಿಡಿಯಿತು.

"ಅಯ್ಯೋ ಪೆದ್ದಾ! ಆವತ್ತು ನಂಗೆ ಹಲ್ಲುನೋವಿತ್ತು ಕಣೋ! ಇರುವೆ ನಡೆದ್ರೂ ತಲೆ ಒಡೀತಿತ್ತು. ಮಾರನೇ ದಿನವೇ ಹಲ್ಲು ಕೀಳಿಸಿದೆ!"

"...ಹಲ್ಲಾ?"

"ಕಿತ್ತು ಬಿಸಾಕಿದ ಹಲ್ಲಿಗೋಸ್ಕರ ನನ್ನ ಕೈಲಿ ಇಷ್ಟು ಹೊದಿಕೆ ಮಾಡಿಸಿದ್ಯಾ? ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?"

"ಅದನ್ನ ಕೇಳಿದ್ರೆ ಇನ್ನೊಂದೂ ಕೇಳಬೇಕಾಗ್ತಿತ್ತು."

ಗಾಳಿಯೇ ಇರಲಿಲ್ಲ. ಬಿಸಿ ತಗಡು ಟಿಕ್ ಟಿಕ್ ಎಂದು ತಣಿಯುತ್ತಿತ್ತು.

"ಕೇಳು," ಎಂದಳು.

"ಪಕ್ಕದಲ್ಲಿ ಕೂರ್ತೀಯಾ? ಮುಳ್ಳು ನೋಡೋಕಲ್ಲ... ಯಾವಾಗ್ಲೂ."

ಕಣ್ಣು ತುಂಬಿ ಬಂದದ್ದನ್ನು ಅವಳು ಎಣ್ಣೆಯ ಹೊಗೆಯ ತಲೆಗೆ ಕಟ್ಟಿದಳು.

"ಮೊದಲು ಬೆಲ್ಟ್ ಫ್ಯಾನ್ ಕೂರಿಸು. ಆಮೇಲೆ ಇದೇ ಏರಲ್ಲಿ ಇನ್ನೊಂದ್ಸಲ ಕೇಳು."

"ಸದ್ದಾಗುತ್ತಲ್ಲೇ? ನೀನು ಹೇಳಿದ್ದು ಕೇಳಿಸದಿದ್ರೆ?"

"ಕಿರುಚ್ತೀನಿ. ನಂಗೇನು ಅಭ್ಯಾಸ ಇಲ್ವಾ?"

ಅವನು ನಕ್ಕ. ರಟ್ಟಿನ ತುಂಡೊಂದನ್ನು ಹಿಡಿದು ಇಂಜಿನ್ನಿಗೆ ಗಾಳಿ ಬೀಸತೊಡಗಿದ, ಜ್ವರ ಬಂದ ಮಗುವಿಗೆ ಬೀಸುವ ಹಾಗೆ.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಅತ್ತಿಗೆ.

"ಕಾರು ಮುಗೀತೇನಮ್ಮಾ? ಇಲ್ಲಿ ನಿನ್ನ ಜಾಗ ಗುಡಿಸಿಡ್ಲಾ?"

"ಎಲ್ಲಿ ಮುಗಿಯುತ್ತೆ ಅತ್ತಿಗೆ... ಮತ್ತೆ ಮೊದಲಿಂದ ಶುರು."

"ಯಾರು?" ಎಂದ ಅವನು, ಬೀಸುತ್ತಲೇ.

"ಅತ್ತಿಗೆ. ಏನಿಲ್ಲ, ನೀನು ಬೀಸು."

ಮೊದಲು ಮಾಡಿದ ಬೆಲ್ಟ್ ಫ್ಯಾನಿನ ಹೊದಿಕೆ ಅಟ್ಟದ ಮೇಲೆ ಗೋಣಿಚೀಲದಲ್ಲಿ ಹಾಗೇ ಇತ್ತು. ಎಷ್ಟು ಸಿಟ್ಟು ಬಂದರೂ ಅದನ್ನು ಕತ್ತರಿಸಲು ಅವಳಿಗೆ ಮನಸ್ಸು ಬಂದಿರಲಿಲ್ಲ. ನಾಳೆ ಇಳಿಸಿದರಾಯಿತು. ಅಣ್ಣನ ಶೆಡ್ಡಿಗೆ ಯಾರು ಹೋಗುತ್ತಾರೆ!

ಅದನ್ನು ಅವಳು ಅತ್ತಿಗೆಗೂ ಹೇಳಲಿಲ್ಲ, ಅವನಿಗೂ ಹೇಳಲಿಲ್ಲ. ಬಾಗಿಲು ತೆಗೆದು, ಪಕ್ಕದ ಸೀಟನ್ನು ತನ್ನ ಕಾಲಿಗೆ ಸರಿಯಾಗುವಷ್ಟು ಮುಂದಕ್ಕೆಳೆದು, ಅಲ್ಲಿಗೇ ಬಿಗಿದಳು.