ಮಗಳಿಗೊಂದು ಸ್ಟೆಪ್ನಿ

ನನ್ನ ಕುತ್ತಿಗೆಗೆ ಪೇಪರ್ ಕಟರ್!

ಕೋಚಿಂಗ್ ಸೆಂಟರಿನ ಹಿಂದಿನ ಮೆಟ್ಟಿಲು. ಮಟಮಟ ಮಧ್ಯಾಹ್ನ. ಪತ್ತೇದಾರಿಕೆ ನನ್ನ ಕೆಲಸ; ಅವಳನ್ನು ನಾಲ್ಕು ಮಹಡಿ ಅಟ್ಟಿಸಿಕೊಂಡು ಹತ್ತಿದ್ದೆ. ಏದುಸಿರು ನನಗೆ... ಅವಳಿಗಲ್ಲ.

ಗಿಳಿ ಅಂತ ಅವಳ ಅಡ್ಡಹೆಸರು. ಫಾರಿನ್ ಯೂನಿವರ್ಸಿಟಿಗೆ ಹೋಗುವವರು ಇಂಗ್ಲಿಷ್ ಟೆಸ್ಟ್ ಪಾಸಾಗಬೇಕಲ್ಲ, ಅವರ ಹೆಸರಿನಲ್ಲಿ ಕೂತು ಬರೆದುಕೊಡುವುದೇ ಇವಳ ಕಸುಬು.

"ಯಾರು ಕಳಿಸಿದ್ದು?"

"ಡೆಂಟಿಸ್ಟ್ ಮಗಳು. ಆರು ತಿಂಗಳು ಕಷ್ಟಪಟ್ಟು ಓದಿ ಟೆಸ್ಟ್ ಬರೆದ್ಲು. ಅದೇ ಪಾಸ್‌ಪೋರ್ಟ್ ನಂಬರಲ್ಲಿ ಇನ್ನೊಂದು ಟೆಸ್ಟ್... ಫೋಟೋ ನಿಂದು! ಎರಡೂ ಸ್ಕೋರ್ ಕ್ಯಾನ್ಸಲ್. ಎರಡು ವರ್ಷ ಬ್ಯಾನ್. ಸಿಕ್ಕಿದ್ದ ಸೀಟೂ ಹೋಯ್ತು."

ಗಿಳಿ ನಕ್ಕಳು. "ಅವಳ ಪಾಸ್‌ಪೋರ್ಟ್ ನಂಗೆ ತಂದ್ಕೊಟ್ಟಿದ್ದು ಯಾರು ಗೊತ್ತಾ? ಅವರಪ್ಪ!"

ನಗುವಿನಲ್ಲಿ ಅವಳ ಕೈ ಸಡಿಲವಾಯಿತು. ಕಟರ್ ಕಿತ್ತುಕೊಂಡೆ. ಆದರೆ ನನ್ನ ಕೋಪ ಅಷ್ಟರಲ್ಲಾಗಲೇ ವಿಳಾಸ ಬದಲಿಸಿತ್ತು.

ಡೆಂಟಿಸ್ಟ್ ಮಗಳಿಗೆ ಫೋನ್ ಮಾಡಿದೆ. "ನಿಮ್ಮಪ್ಪನ ಕ್ಲಿನಿಕ್‌ಗೆ ಬಾಮ್ಮಾ."

ನಾನು ಒಳಗೆ ನುಗ್ಗಿದಾಗ ಡಾಕ್ಟರ್ ಕೈಯಲ್ಲಿ ಡ್ರಿಲ್. ಚೇರಿನಲ್ಲಿ ಬಾಯಿ ತೆರೆದ ಪೇಷೆಂಟ್.

"ಗಿಳಿ ಸಿಕ್ಕಿದ್ಲು, ಡಾಕ್ಟ್ರೇ."

ಡ್ರಿಲ್ ನಿಂತಿತು. ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

"ಮೆಲ್ಲಗೆ ಮಾತಾಡಿ... ಮಗಳು ಫೇಲಾದ್ರೆ ಒಂದು ಸ್ಟೆಪ್ನಿ ಇರಲಿ ಅಂತ ಮಾಡ್ಸಿದ್ದು. ಎರಡು ಸ್ಕೋರಲ್ಲಿ ಒಳ್ಳೇದನ್ನ ಕಳಿಸಿದ್ರಾಯ್ತು ಅಂದ್ಕೊಂಡೆ. ಮುಖ ತಾಳೆ ನೋಡ್ತಾರೆ ಅಂತ ಯಾರಿಗ್ರೀ ಗೊತ್ತಿತ್ತು?"

ಥೂ! ಕಳ್ಳರು, ಸುಳ್ಳರು, ರೌಡಿಗಳು... ಎಲ್ಲ ನೋಡಿದ್ದೇನೆ ಸ್ವಾಮಿ. ಇಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

"ನಿಮ್ಮ ಸ್ಟೆಪ್ನಿಗಿಂತ ಮಗಳ ಸ್ಕೋರೇ ಜಾಸ್ತಿ ಇತ್ತು. ಗೊತ್ತಾ?"

ಅವನು ಕುಸಿದು ಸ್ಟೂಲಿನ ಮೇಲೆ ಕೂತ. "ಅವಳಿಗೆ ಹೇಳ್ಬೇಡಿ. ಎಲ್ಲಾ ಆ ಗಿಳಿದೇ ಕೆಲಸ ಅಂದ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ!"

"ಬೇಡಪ್ಪಾ."

ಬಾಗಿಲಲ್ಲಿ ಮಗಳು. ಎಷ್ಟು ಹೊತ್ತಾಗಿತ್ತೋ ಬಂದು! ಅಳಲಿಲ್ಲ. ಕೂಗಲಿಲ್ಲ.

"ನನ್ನ ಕೈಲಿ ಆಗುತ್ತಾ ಅಂತ... ಒಂದೇ ಒಂದ್ಸಲ ನನ್ನ ಕೇಳ್ಬೋದಿತ್ತಲ್ವಾ?"

ತಿರುಗಿ ಹೊರಟಳು. ಅಪ್ಪ ಎದ್ದ. ನಾನು ಅಡ್ಡ ನಿಂತೆ. ಪೇಷೆಂಟ್ ಬಾಯಿ ಇನ್ನೂ ಮುಚ್ಚಿರಲಿಲ್ಲ.

ಟ್ರೇ ಪಕ್ಕದಲ್ಲಿ ಆ ಪೇಷೆಂಟ್ ಸಹಿ ಹಾಕಿದ ಒಪ್ಪಿಗೆ ಪತ್ರ ಇತ್ತು. ಒಂದು ಹಲ್ಲು ಕೀಳಬೇಕಾದರೂ ಈ ಡಾಕ್ಟರ್ ಮಹಾಶಯ ಕೇಳಿ, ಸಹಿ ಹಾಕಿಸಿಕೊಂಡೇ ಕೀಳುತ್ತಾನೆ!